ಹನ್ನಮ್ಮನ ಮೇಜಿಗೆ ನಾಲ್ಕನೆಯವಳು

ದೊಡ್ಡಬಳ್ಳಾಪುರದ ನಮ್ಮ ಮನೆಗೆ ಎರಡು ಬಾಗಿಲು. ಬೀದಿಗೆ ತೆರೆಯುವುದು ನಮ್ಮದು, ಪಕ್ಕದ ಓಣಿಗೆ ತೆರೆಯುವುದು ಬಾಡಿಗೆಯವರದು. ನಡುವೆ ಮಣ್ಣಿನ ಗೋಡೆ, ಗೋಡೆಯಲ್ಲೊಂದು ಕಿರುಬಾಗಿಲು. ಅದಕ್ಕೆ ನಮ್ಮ ಕಡೆಯಿಂದ ಚಿಲಕವಿತ್ತು, ಅವರ ಕಡೆಯಿಂದ ಇರಲಿಲ್ಲ. ಮನೆಯ ಯಜಮಾನಿಕೆ ಯಾರದು ಎಂದು ತಿಳಿಯಲು ಬೇರೆ ಪತ್ರ ಬೇಕಿರಲಿಲ್ಲ, ಆ ಚಿಲಕ ನೋಡಿದರೆ ಸಾಕಿತ್ತು. ಮುಂದಿನ ಅಂಕಣದಲ್ಲಿ ಅಪ್ಪನ ನಾಲ್ಕು ಕೈಮಗ್ಗ, ಹಿಂದೆ ನಡುಮನೆ, ಅಡುಗೆಮನೆ, ಆಮೇಲೆ ಹಿತ್ತಿಲು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು ಕೇಳಿ ಕೇಳಿ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಯಾರಾದರೂ ಮಗ್ಗ ನಿಲ್ಲಿಸಿದರೆ ಮಾತ್ರ ಏನಾಯಿತೆಂದು ತಲೆ ಎತ್ತುತ್ತಿದ್ದೆ. ನಮ್ಮದು ಜನಿವಾರ ಹಾಕುವ ನೇಕಾರರ ಮನೆ. ಮೊಟ್ಟೆಯ ಚಿಪ್ಪು ಕೂಡ ಹೊಸಿಲು ದಾಟುವಂತಿರಲಿಲ್ಲ. ದಾಟದಂತೆ ಕಾವಲಿದ್ದವಳು ಅಜ್ಜಿ, ಅಪ್ಪನ ತಾಯಿ. ಅಪ್ಪ ಊರಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಮನುಷ್ಯ, ಮನೆಗೆ ಬಂದರೆ ಅವಳ ಮುಂದೆ ಎಂಟು ವರ್ಷದ ಹುಡುಗ. ನನಗೆ ನಿಜವಾಗಿಯೂ ಎಂಟು ವರ್ಷವಾದ್ದರಿಂದ ಅಪ್ಪನ ಪಾಡು ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಒಂದು ಜಗಳ ಯಾವಾಗಲೂ ಒಲೆಯ ಮೇಲೆಯೇ ಇರುತ್ತಿತ್ತು, ಯಾರೂ ಇಳಿಸುತ್ತಿರಲಿಲ್ಲ. ನನ್ನ ಚಿಕ್ಕಪ್ಪ ನಂಜುಂಡ ಮಗ್ಗ ಒಗ್ಗದೆ ಬೆಂಗಳೂರಿನಲ್ಲಿ ಲಾರಿ ಕಲಿತು, ಅಲ್ಲಿಂದ ಮಿಲಿಟರಿ ಸೇರಿ ಸಿಂಗಾಪುರಕ್ಕೆ ಹೋಗಿದ್ದ. ಅಲ್ಲಿಗೆ ಜಪಾನಿನವರು ನುಗ್ಗಿದ ಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಎರಡನೆಯ ಪಿತೃಪಕ್ಷ ಬಂದಾಗ ಅಪ್ಪ, ತಾತನ ಜೊತೆಗೆ ನಂಜುಂಡನಿಗೂ ಒಂದು ಎಲೆ ಹಾಕಿ ಎಡೆ ಇಡೋಣ ಎಂದು ಮೆಲ್ಲಗೆ ಹೇಳಿದರು. ಹೇಳಬಾರದಿತ್ತು. ಅಜ್ಜಿ ಹಾಕಿದ್ದ ಎಲೆಗಳನ್ನೆಲ್ಲ ಮಡಚಿ ಎತ್ತಿಟ್ಟು, ಬದುಕಿರುವ ಮಗನಿಗೆ ಎಡೆ ಇಡುವವನು ತನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಅಲ್ಲ ಎಂದಳು. ಅವತ್ತು ತಾತನಿಗೂ ಎಡೆ ಇಲ್ಲದೆ ಹೋಯಿತು. ಅಪ್ಪನಿಗೆ ತಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವರು ಅತ್ತು ಮುಗಿಸಬೇಕೆಂದಿದ್ದರು, ಅಜ್ಜಿ ಅಳಲು ಶುರುಮಾಡಲೇ ಒಪ್ಪಲಿಲ್ಲ. ಅಂದಿನಿಂದ ಅಮ್ಮ ಇಬ್ಬರ ಮಾತನ್ನೂ ಇಬ್ಬರಿಗೂ ಮುಟ್ಟಿಸುತ್ತಾ, ದಾರಿಯಲ್ಲಿ ಅದರ ಖಾರ ತೆಗೆಯುತ್ತಾ ಬದುಕುತ್ತಿದ್ದಳು.

ಗೋಡೆಯ ಆಚೆ ಎರಡು ವರ್ಷದಿಂದ ಇದ್ದವರು ಚೆಕ್ ದೇಶದವರು. ಕಾರಲ್ ಸಾಹೇಬರು ಊರಿಗೆ ಬಂದ ವಿದ್ಯುತ್ ಮಗ್ಗಗಳನ್ನು ಜೋಡಿಸಿ ರಿಪೇರಿ ಮಾಡುವವರು. ನಮ್ಮ ಅನ್ನಕ್ಕೆ ಕಲ್ಲು ಹಾಕುವ ಮಿಷನ್ನಿನವನಿಗೆ ನಾವೇ ಮನೆ ಕೊಟ್ಟಿದ್ದೇವೆ ಎಂದು ಅಪ್ಪ ಆಗಾಗ ನಗುತ್ತಿದ್ದರು, ಆದರೆ ಸಂಜೆ ಹೋಗಿ ಅವರ ಜೊತೆ ಜಗಲಿಯಲ್ಲಿ ಕೂತು ಮಗ್ಗದ ಮಾತನ್ನೇ ಆಡುತ್ತಿದ್ದರು. ಸಾಹೇಬರ ಹೆಂಡತಿಯ ಹೆಸರು ಹನ್ನಾ. ಬೀದಿಯವರು ಒಂದೇ ವಾರದಲ್ಲಿ ಅವರನ್ನು ಹನ್ನಮ್ಮ ಮಾಡಿದ್ದರು. ಸಾಹೇಬರ ತಾಯಿಯನ್ನು ಮೊಮ್ಮಗಳು ಬಾಬಿ ಎನ್ನುತ್ತಿದ್ದಳು, ನಾವೂ ಹಾಗೇ ಕರೆದೆವು. ಆ ಮೊಮ್ಮಗಳು ಲೀದಾ, ನನ್ನ ವಯಸ್ಸಿನವಳು. ಹಾಲಿನ ಬಣ್ಣದ ಹುಡುಗಿ, ಬಾಯಿ ಬಿಟ್ಟರೆ ಅಪ್ಪಟ ನಮ್ಮ ಬೀದಿ. ಬೈಗುಳವೂ ನಮ್ಮ ಬೀದಿಯದೇ. ಅವರ ದೇಶವನ್ನು ಜರ್ಮನರು ಹಿಡಿದಿದ್ದರು, ವಾಪಸು ಹೋಗಲು ಊರೇ ಇರಲಿಲ್ಲ. ಇದು ನಮಗೆ ಗೊತ್ತಿತ್ತು. ಊರಿನ ಎಲ್ಲರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಯಾರೋ ಮೂಗರ್ಜಿ ಬರೆದರು, ಈ ಸಾಹೇಬನ ಮನೆಯಲ್ಲಿ ರೇಡಿಯೋ ಇದೆ, ಜರ್ಮನಿಯ ಸುದ್ದಿ ಕೇಳುತ್ತಾನೆ ಎಂದು. ಸಾಹೇಬರನ್ನು ವಿಚಾರಣೆಗೆಂದು ಬೆಂಗಳೂರಿಗೆ ಕರೆದುಕೊಂಡು ಹೋದರು. ಎರಡು ದಿನದ ಕೆಲಸ ಎಂದಿದ್ದು ಮೂರು ವಾರವಾದರೂ ಅವರು ಬರಲಿಲ್ಲ. ಎಲ್ಲಿಟ್ಟಿದ್ದಾರೆ, ಏನು ಮಾಡುತ್ತಾರೆ ಎಂದು ಹೇಳುವವರು ಯಾರೂ ಇರಲಿಲ್ಲ. ಹನ್ನಮ್ಮ ದಿನಾ ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ಓಣಿಯ ತುದಿಗೆ ಹೋಗಿ ನಿಂತು, ಬಸ್ಸಿನಿಂದ ಇಳಿದವರೆಲ್ಲ ಅವರವರ ಮನೆಗೆ ಹೋದ ಮೇಲೆ ವಾಪಸು ಬರುತ್ತಿದ್ದರು.

ಅಂಥ ಹೊತ್ತಿನಲ್ಲಿ ಡಿಸೆಂಬರಿನ ಕೊನೆಯ ಅವರ ದೊಡ್ಡ ಹಬ್ಬ ಬಂತು. ಹಬ್ಬ ಬಿಡೋಣವೆಂದು ಹನ್ನಮ್ಮ, ಬಿಡಕೂಡದೆಂದು ಬಾಬಿ. ಗೋಡೆಯ ಆಚೆಯಿಂದ ಅತ್ತೆ ಸೊಸೆಯ ಜಗಳ ಅರ್ಥವಾಗದ ಭಾಷೆಯಲ್ಲಿ ಕೇಳುತ್ತಿತ್ತು, ಅಮ್ಮನಿಗೆ ಮಾತ್ರ ಹೇಗೋ ಎಲ್ಲ ಅರ್ಥವಾಗುತ್ತಿತ್ತು. ಬಾಬಿಯೇ ಗೆದ್ದರು. ಅವರ ಕಡೆ ಆ ಹಬ್ಬದ ಊಟಕ್ಕೆ ಕೆರೆಯ ಗೆಂಡೆ ಮೀನು ಆಗಲೇಬೇಕು. ಮೀನನ್ನು ಜೀವಂತ ತಂದು ನಾಲ್ಕಾರು ದಿನ ಶುದ್ಧ ನೀರಿನಲ್ಲಿ ಬಿಡಬೇಕು, ಕೆಸರಿನ ವಾಸನೆ ಹೋಗಲಿ ಎಂದು. ಅವರ ಕಬ್ಬಿಣದ ತೊಟ್ಟಿ ಸೋರುತ್ತಿತ್ತು. ಹನ್ನಮ್ಮ ಬಂದು ನಮ್ಮ ಹಿತ್ತಿಲಿನ ಕಲ್ಲುಬಾನಿಯನ್ನು ನಾಲ್ಕು ದಿನ ಕೊಡುವಿರಾ ಎಂದು ಕೇಳಿದರು. ಅದು ನೂಲು ನೆನೆಸುವ ಬಾನಿ. ಬಟ್ಟೆ ಒಗೆಯಲಿಕ್ಕೆ ಇರಬೇಕು ಎಂದುಕೊಂಡು ಅಮ್ಮ ಕೊಟ್ಟಳು. ಕೊಯ್ಯುವ ತನಕ ಅದು ಬರೀ ಮೀನು, ಮಾಂಸವಲ್ಲ, ಆದ್ದರಿಂದ ಯಾರಿಗೂ ಮೈಲಿಗೆಯಿಲ್ಲ ಎಂಬುದು ಹನ್ನಮ್ಮನ ಲೆಕ್ಕ. ಕೊಯ್ಯುವ ಕೆಲಸವನ್ನು ಕೆರೆಯ ಹತ್ತಿರವೇ ಮಾಡಿಸುವುದೆಂದೂ ಅವರು ಯೋಚಿಸಿಟ್ಟಿದ್ದರು. ಪಾಪ, ಅಷ್ಟೆಲ್ಲ ಯೋಚಿಸಿದವರು ಅಮ್ಮನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕೆರೆಯ ಕಡೆಯವನೊಬ್ಬ ಮೀನು ತಂದು ಬಾನಿಗೆ ಬಿಟ್ಟು ತಟ್ಟಿ ಮುಚ್ಚಿ ಹೋದ. ನಾನೂ ಲೀದಾಳೂ ಆ ತಟ್ಟಿ ಸರಿಸಿ ಮೀನಿಗೆ ಕಡಲೆಪುರಿ ಹಾಕುತ್ತಿದ್ದೆವು. ಅದು ಮೇಲೆ ಬಂದು ಬಾಯಿ ತೆರೆದು ಪುರಿಯನ್ನು ಒಳಗೆಳೆದುಕೊಳ್ಳುವುದು ನೋಡಿದರೆ ಊಟ ಬೇಡವಾಗುತ್ತಿತ್ತು. ಎರಡು ದಿನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಮೂರನೆಯ ದಿನ ಅಜ್ಜಿ ನನ್ನ ತಲೆ ಬಾಚುತ್ತಿದ್ದಾಗ, ಅವಳು ಖುಷಿಯಾಗಿದ್ದಾಳೆಂದು ನಂಬಿ ಬಾಯಿ ಬಿಟ್ಟೆ.

‘ಅಜ್ಜಿ, ನಮ್ ಬಾನೀಲಿ ಒಂದ್ ಮೀನೈತೆ. ಪುರಿ ತಿಂತದೆ!’

ಬಾಚಣಿಗೆ ಜಡೆಯಲ್ಲೇ ಉಳಿಯಿತು. ಅಜ್ಜಿ ಹಿತ್ತಿಲಿಗೆ ಹೋಗಿ ತಟ್ಟಿ ಎತ್ತಿ ನೋಡಿದ್ದು, ಮಗ್ಗಗಳೆಲ್ಲ ಒಂದೊಂದಾಗಿ ನಿಂತದ್ದು, ಅಪ್ಪ ಕೈಯಲ್ಲಿ ಲಾಳಿ ಹಿಡಿದುಕೊಂಡೇ ಓಡಿ ಬಂದದ್ದು ಎಲ್ಲ ಒಂದೇ ಉಸಿರಿನಲ್ಲಿ ನಡೆಯಿತು. ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಧೈರ್ಯ ಬರುತ್ತಿತ್ತು.

‘ನೂಲು ನೆನ್ಸೋ ಬಾನಿ. ಆ ನೂಲಲ್ಲಿ ದೇವ್ರಿಗೆ ಸೀರೆ ನೇಯ್ತೀವಿ’ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ‘ಸಂಕ್ರಾಂತಿ ಒಳಗೆ ಇವ್ರು ಮನೆ ಖಾಲಿ ಮಾಡ್ಬೇಕು. ಇನ್ನೊಂದು ತಪ್ಪು ಕಂಡ್ರೆ ಅವತ್ತೇ ಸಾಮಾನು ಓಣೀಲಿರ್ತದೆ’ ಎಂದಳು.

‘ಗಂಡಸಿಲ್ಲದ ಮನೆ ಕಣಮ್ಮ. ಈಗ ಎಲ್ಗೋಗ್ತಾರೆ? ಊರಲ್ಲಿ ಯಾರ್ ಕೊಡ್ತಾರೆ ಅವ್ರಿಗೆ ಮನೆ?’

‘ಅದು ಅವ್ರ ಕಷ್ಟ.’

ಮೀನು ತಂದವನೇ ಬಂದು ಅದನ್ನು ಕೊಡದಲ್ಲಿ ಹಾಕಿಕೊಂಡು ಹೋದ. ಬಾನಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರು. ಹನ್ನಮ್ಮ ಕಿರುಬಾಗಿಲಲ್ಲಿ ನಿಂತು ಕೈ ಮುಗಿದರು, ಅಜ್ಜಿ ಆ ಕಡೆ ನೋಡಲಿಲ್ಲ. ಲೀದಾ ನನ್ನ ಜೊತೆ ಮಾತು ಬಿಟ್ಟಳು. ಬಿಡುವ ಮುಂಚೆ ಚಾಡಿಕೋರಿ ಎಂದು ಹೇಳಿಯೇ ಬಿಟ್ಟಳು. ಆ ಮಾತು ನನ್ನನ್ನು ಎಷ್ಟು ಸುಟ್ಟಿತೆಂದರೆ, ಎಪ್ಪತ್ತು ವರ್ಷ ದಾಟಿದ ಮೇಲೆ ಇದನ್ನು ಬರೆಯುವಾಗಲೂ ನಾನು ಚಾಡಿ ಹೇಳಲಿಲ್ಲ, ಖುಷಿಗೆ ಹೇಳಿದೆ ಎಂದು ಯಾರಿಗೋ ಸಮಜಾಯಿಷಿ ಕೊಡುತ್ತಿದ್ದೇನೆ.

ಹಬ್ಬದ ದಿನ ಅಪ್ಪ ನೂಲು ತರಲು ಬೆಂಗಳೂರಿಗೆ ಹೋಗಿದ್ದರು. ಅಜ್ಜಿ ಬೆಳಗ್ಗೆಯೇ ತನ್ನ ತಮ್ಮನ ಮನೆಗೆಂದು ರಾಜಘಟ್ಟದ ಗಾಡಿ ಹತ್ತಿದ್ದಳು, ಮರುದಿನ ಬರುವುದಾಗಿ ಹೇಳಿ. ಮಧ್ಯಾಹ್ನ ಕಿರುಬಾಗಿಲ ಮೇಲೆ ಯಾರೋ ಮೆಲ್ಲಗೆ ತಟ್ಟಿದರು. ಅಮ್ಮ ಚಿಲಕ ತೆಗೆದಳು. ಹನ್ನಮ್ಮ ನಿಂತಿದ್ದರು, ಹಿಂದೆ ಮುಖ ಊದಿಸಿಕೊಂಡ ಲೀದಾ, ಮಾತು ತಿಳಿಸಿ ಹೇಳಲಿಕ್ಕೆ. ಹನ್ನಮ್ಮನಿಗೆ ಕನ್ನಡ ಬರುತ್ತಿತ್ತು, ಆದರೆ ತರಕಾರಿ, ಹಾಲು, ಸೌದೆಯ ಮಟ್ಟಿಗೆ. ಕೇಳಲು ಬಂದ ವಿಷಯ ಅಷ್ಟರಲ್ಲಿ ಮುಗಿಯುವಂಥದಾಗಿರಲಿಲ್ಲ. ಅವರ ಹಬ್ಬದ ಸಂಜೆ ಊಟದ ಮೇಜಿಗೆ ಬೆಸ ಲೆಕ್ಕದಲ್ಲಿ ಕೂರಬಾರದಂತೆ. ಮೂರೋ ಐದೋ ಜನ ಕೂತರೆ ಆ ಮನೆಯ ಒಬ್ಬರು ಮುಂದಿನ ವರ್ಷದ ಹಬ್ಬ ಕಾಣುವುದಿಲ್ಲವಂತೆ. ಪ್ರತಿ ವರ್ಷ ನಾಲ್ಕು ಜನ ಇರುತ್ತಿದ್ದರು. ಈ ಸಲ ಮೂರು.

‘ಬಾಬಿ ಬೆಳಗ್ಗೆಯಿಂದ ಅಳ್ತಾ ಐತೆ’ ಎಂದಳು ಲೀದಾ, ನನ್ನನ್ನು ನೋಡದೆ. ‘ನಮ್ಮಪ್ಪನೇ ಸತ್ತೋಗ್ತಾರೆ ಅಂತದೆ. ಸರೋಜಿನ ಕಳ್ಸಿ. ಕೂತ್ಕೊಂಡ್ರೆ ಸಾಕು. ಮೀನಿಲ್ಲ, ಮೊಟ್ಟೇನೂ ಹಾಕಿಲ್ಲ. ಅವರೆಕಾಳು, ಆಲೂಗಡ್ಡೆ ಅಷ್ಟೇ.’

ನಾವೂ ಮೂವರು ಒಟ್ಟಿಗೆ ಪ್ರಯಾಣ ಹೊರಡುವವರಲ್ಲ, ಮೂರು ದೋಸೆ ಒಟ್ಟಿಗೆ ಬಡಿಸುವವರಲ್ಲ. ಆ ಭಯ ಅಮ್ಮನಿಗೆ ಹೊಸದಲ್ಲ. ಆದರೆ ಅವರ ಮನೆಯಲ್ಲಿ ಉಣ್ಣುವುದೆಂದರೆ ಸಣ್ಣ ಮಾತೇ? ಅಜ್ಜಿಗೆ ತಿಳಿದರೆ ನನ್ನ ಬೆನ್ನಿಗೆ ನಾಲ್ಕು ಬೀಳುವುದು ಹೋಗಲಿ, ಆ ಮೂವರು ಹೆಂಗಸರ ಸಾಮಾನು ಅದೇ ಸಂಜೆ ಓಣಿಯಲ್ಲಿರುತ್ತಿತ್ತು. ಅಮ್ಮ ಅದನ್ನೇ ಹೇಳಿದಳು. ಹನ್ನಮ್ಮ ಕೇಳಿಸಿಕೊಂಡು ತಲೆಯಾಡಿಸಿ, ಆದರೂ ಅಲ್ಲೇ ನಿಂತಿದ್ದರು.

‘ನಾನ್ ಹೋಗ್ತೀನಮ್ಮ’ ಎಂದೆ. ಮೀನು ಹೋದದ್ದು ನನ್ನಿಂದ. ಈಗ ಸಾಹೇಬರೂ ನನ್ನಿಂದಲೇ ಹೋದರೆ ನಾನು ಯಾರ ಮುಖ ನೋಡಲಿ? ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು, ಅವರ ಜೀವ ನನ್ನ ಕುಂಡೆ ಒಂದು ಕುರ್ಚಿಯ ಮೇಲೆ ಊರುವುದರಲ್ಲಿದೆ ಎಂದು.

‘ಬೇಗ ಉಂಡು ಬೇಗ ಬಂದ್ಬಿಡು’ ಎಂದಳು ಅಮ್ಮ. ‘ನಿನ್ ತಮ್ಮನ್ಗೆ ಹೇಳ್ಬೇಡ.’

ಅವರು ಬೆಳಗ್ಗೆಯಿಂದ ಉಪವಾಸ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವ ತನಕ ಏನೂ ಮುಟ್ಟುವಂತಿಲ್ಲ. ನಾನು ಹೋದಾಗ ಲೀದಾ ಅವರ ಹಿತ್ತಿಲಲ್ಲಿ ಕತ್ತು ಎತ್ತಿ ನಿಂತಿದ್ದಳು. ನಾನೂ ನಿಂತೆ. ಮೊದಲು ಕಂಡದ್ದು ನನಗೇ. ನಾನು ಬೆರಳು ತೋರಿಸಿದ ಮೇಲೆ ಅವಳು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು, ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು. ಒಳಗೆ ಮೂಲೆಯಲ್ಲಿ ಒಂದು ಸರ್ವೆ ಮರದ ಕೊಂಬೆಯನ್ನು ಮಡಕೆಯಲ್ಲಿ ನಿಲ್ಲಿಸಿ ಅದಕ್ಕೆ ಬಣ್ಣದ ನೂಲಿನ ಚೂರುಗಳನ್ನು ಕಟ್ಟಿದ್ದರು. ಅಪ್ಪನ ಮಗ್ಗದ ಕೆಳಗೆ ಬೀಳುವ ಅದೇ ಚೂರುಗಳು. ಮೇಜಿನ ಮೇಲೆ ಬಿಳಿ ಬಟ್ಟೆ, ಎರಡು ಮೇಣದ ಬತ್ತಿ, ಜಡೆಯಂತೆ ಹೆಣೆದು ಸುಟ್ಟ ರೊಟ್ಟಿ. ಹೊಸ ಅವರೆಯ ಸೊಗಡು ಕೋಣೆ ತುಂಬ ಇತ್ತು. ನನಗೆ ಕಾಲು ನೆಲಕ್ಕೆ ಎಟುಕಲಿಲ್ಲ. ಕೂತ ಮೇಲೆ ಲೀದಾ ನನ್ನ ಕಿವಿಯಲ್ಲಿ ಇನ್ನೊಂದು ನಿಯಮ ಹೇಳಿದಳು.

‘ಎಲ್ರೂ ಮುಗ್ಸೋ ತನ್ಕ ಯಾರೂ ಏಳ್ಬಾರ್ದು ಕಣೇ. ಮೊದ್ಲು ಎದ್ದೋರು ಸಾಯ್ತಾರೆ. ಎಲ್ರೂ ಒಂದೇ ಸಲ ಏಳ್ಬೇಕು.’

ಇದನ್ನು ಮೊದಲೇ ಹೇಳಿದ್ದರೆ ನಾನು ಬರುತ್ತಿದ್ದೆನೋ ಇಲ್ಲವೋ. ಬಾಬಿ ಪ್ರಾರ್ಥನೆ ಹೇಳಿದರು. ನಾಲ್ಕು ತುತ್ತು ಉಂಡಿರಬಹುದು. ಗೋಡೆಯ ಆಚೆ ಬೀದಿಬಾಗಿಲು ದಡಾರನೆ ತೆರೆಯಿತು, ಅಜ್ಜಿಯ ಗಂಟಲು ಕೇಳಿತು, ಅಮ್ಮನ ಗಂಟಲು ಕೇಳಿತು, ನನ್ನ ಹೆಸರು ಕೇಳಿತು. ಸರೋಜಿ ನೀರಿಗೆ ಹೋಗಿದ್ದಾಳೆ ಎಂದೇನೋ ಅಮ್ಮ ಹೇಳಿದಳು. ಆದರೆ ನನ್ನ ತಮ್ಮ, ಯಾರೂ ಹೇಳದಿದ್ದರೂ ಎಲ್ಲ ತಿಳಿದಿದ್ದ ಆ ಮಹಾನುಭಾವ, ‘ಅಕ್ಕ ಆ ಕಡೆ ಉಣ್ತಾವ್ಳೆ’ ಎಂದ.

ಕಿರುಬಾಗಿಲು ತೆರೆಯಿತು. ಅಜ್ಜಿ ಹೊಸಿಲಿನ ಆಚೆಯೇ ನಿಂತಳು. ಗಾಡಿಯ ಧೂಳು ಅವಳ ಸೀರೆಯ ಮೇಲೆ ಹಾಗೇ ಇತ್ತು. ಮುಖ ಕೆಂಪಾಗಿತ್ತು.

‘ಏಳೇ ಮೇಲೆ.’

ನಾನು ಅಲುಗಾಡಲಿಲ್ಲ. ಅಜ್ಜಿಯ ಮಾತನ್ನು ಎರಡನೆಯ ಸಲ ಹೇಳಿಸಿದವಳಲ್ಲ ನಾನು. ಆಗ ಹೇಳಿಸಿದೆ.

‘ಸರೋಜಿ. ಎದ್ದು ಬಾ ಅಂದೆ.’

ಬಾಬಿ ಮೇಜಿನ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಮುದಿಕೈಯಾದರೂ ಹಿಡಿತ ಬಿಗಿಯಾಗಿತ್ತು. ಹನ್ನಮ್ಮ ಕುರ್ಚಿಯಲ್ಲಿ ಕೂತೇ ಅಜ್ಜಿಯ ಕಡೆ ತಿರುಗಿ ಕೈ ಮುಗಿದರು. ಏಳುವಂತಿರಲಿಲ್ಲವಲ್ಲ. ‘ಏಳಬಾರದು ಅಜ್ಜಿ. ದಮ್ಮಯ್ಯ’ ಎಂದರು. ನನಗೆ ಅಳು ಬಂತು. ಒಂದು ಕಡೆ ನಾನು ಸಾಯುವ ಭಯ, ಇನ್ನೊಂದು ಕಡೆ ಅಜ್ಜಿಯ ಭಯ. ಯಾವುದು ದೊಡ್ಡದೆಂದು ಇವತ್ತು ಕೇಳಿದರೂ ಹೇಳಲಾರೆ.

‘ನಾನ್ ಎದ್ರೆ ಮೂರು ಜನ ಆಗ್ತಾರೆ ಅಜ್ಜಿ. ಲೀದಾ ಅವ್ರಪ್ಪ ವಾಪಸ್ ಬರಲ್ವಂತೆ, ಸತ್ತೋಗ್ತಾರಂತೆ.’

ಅಜ್ಜಿ ಮೇಜನ್ನು ನೋಡಿದಳು. ನಾಲ್ಕು ತಟ್ಟೆ, ನಾಲ್ಕು ಜನ.

‘ಲೆಕ್ಕಕ್ಕೆ ಬೇಕಾಗಿದ್ರೆ ಅವನ್ದೇ ಒಂದು ತಟ್ಟೆ ಇಟ್ಕೊಬೌದಾಗಿತ್ತು. ನಮ್ ಮಗೀನೇ ಬೇಕಾಗಿತ್ತಾ?’

ಲೀದಾ ಅದನ್ನು ಬಾಬಿಗೆ ಅವರ ಭಾಷೆಯಲ್ಲಿ ಹೇಳಿದಳು. ಬಾಬಿ ನನ್ನ ಕೈ ಬಿಡದೆ, ಅಜ್ಜಿಯ ಮುಖವನ್ನೇ ನೋಡುತ್ತಾ, ತುಂಬ ನಿಧಾನವಾಗಿ ಉತ್ತರ ಕೊಟ್ಟರು. ಆ ಎರಡು ವರ್ಷದಲ್ಲಿ ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

‘ಖಾಲಿ ತಟ್ಟೆ ಇಡೋದು ಸತ್ತೋರ್ಗೆ ಅಂತದೆ ಬಾಬಿ’ ಎಂದಳು ಲೀದಾ. ‘ನನ್ ಮಗ ಬದುಕವ್ನೆ, ನಾನ್ ಇಡಲ್ಲ ಅಂತದೆ.’

ಆ ಮಧ್ಯಾಹ್ನ ರಾಜಘಟ್ಟದಲ್ಲಿ ಏನಾಯಿತೆಂದು ನನಗೆ ತಿಳಿದದ್ದು ಆಮೇಲೆ. ಅಲ್ಲಿ ಅಜ್ಜಿಯ ತಮ್ಮ, ನಂಜುಂಡನ ವಿಷಯ ಎತ್ತಿ, ಇನ್ನು ಎಷ್ಟು ವರ್ಷ ಹೀಗೆ ಹಟ ಮಾಡುತ್ತೀಯ, ಬರುವ ಅಮಾವಾಸ್ಯೆಗಾದರೂ ಅವನಿಗೆ ಎಡೆ ಇಟ್ಟು ಮುಗಿಸು ಎಂದಿದ್ದ. ಊಟದ ಎಲೆಯ ಮುಂದಿನಿಂದಲೇ ಅವಳು ಎದ್ದು ಬಂದಿದ್ದಳು. ಅವಳ ಕಡೆ ಮಾತಾಡುವವರು ಊರಲ್ಲಿ, ಮನೆಯಲ್ಲಿ, ತವರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಇಲ್ಲಿ, ಮೀನು ತಿನ್ನುವ ಒಬ್ಬ ಮುದುಕಿ, ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದವಳು, ಅವಳದೇ ಮಾತನ್ನು ಅವಳ ಮುಖಕ್ಕೆ ಹೇಳಿದಳು.

ಅಜ್ಜಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವತ್ತೂ ನೋಡಿದೆನೆಂದು ಹೇಳಲಾರೆ, ಸೆರಗು ಮುಖದ ಮೇಲಿತ್ತು. ಸೆರಗು ಇಳಿಸಿದಾಗ ದನಿ ಎಂದಿನಂತೆ ಗಡುಸಾಗಿತ್ತು.

‘ತಿನ್ನು. ಪಂಕ್ತಿ ಮಧ್ಯದಿಂದ ಎಬ್ಸೋಳಲ್ಲ ನಾನು. ನಿಧಾನಕ್ಕೆ ತಿನ್ನು, ನೆತ್ತಿಗೆ ಹತ್ತೀತು.’

ನನಗೆ ಜೀವ ಬಂತು. ಬಂದ ಸಂತೋಷಕ್ಕೆ ತಲೆ ಕೆಟ್ಟು, ‘ನೀನೂ ಬಾ ಅಜ್ಜಿ, ಕೂತ್ಕೊ’ ಎಂದುಬಿಟ್ಟೆ.

‘ನಾನ್ ಬಂದ್ರೆ ಐದಾಗಲ್ವೇನೇ, ಪೆದ್ದಿ?’

ಅವಳು ಕೂರಲಿಲ್ಲ, ಒಳಗೆ ಹೋಗಲೂ ಇಲ್ಲ. ನಾವು ಉಂಡು ಮುಗಿಸುವ ತನಕ ಹೊಸಿಲಿನ ಆಚೆ ನಿಂತೇ ಇದ್ದಳು, ನಡುವೆ ಯಾರೂ ನಮ್ಮನ್ನು ಎಬ್ಬಿಸದಂತೆ. ನನ್ನ ತಮ್ಮ ಒಳಗೆ ಓಡಿಬರಲು ನೋಡಿದಾಗ ಅವನ ಜುಟ್ಟು ಹಿಡಿದು ನಿಲ್ಲಿಸಿದಳು. ಕೊನೆಗೆ ಬಾಬಿ ಒಂದು ಮಾತು ಹೇಳಿದರು, ನಾವು ನಾಲ್ವರೂ ಒಟ್ಟಿಗೆ ಎದ್ದೆವು. ಅಜ್ಜಿ ನನ್ನನ್ನು ನೇರವಾಗಿ ಹಿತ್ತಿಲಿಗೆ ಅಟ್ಟಿ ಆ ಚಳಿಯಲ್ಲಿ ನಾಲ್ಕು ಕೊಡ ತಣ್ಣೀರು ತಲೆಯ ಮೇಲೆ ಸುರಿದಳು. ಮಡಿಯ ವಿಷಯದಲ್ಲಿ ಅವಳು ಒಂದು ಕೂದಲೆಳೆಯೂ ಸಡಿಲವಾಗಲಿಲ್ಲ. ಆದರೆ ಮನೆ ಖಾಲಿ ಮಾಡಿಸುವ ಮಾತು ಆಮೇಲೆ ಬರಲಿಲ್ಲ. ಅಪ್ಪನೂ ಕೇಳುವ ಗೋಜಿಗೆ ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಾರಲ್ ಸಾಹೇಬರು ಬಸ್ಸಿನಿಂದ ಇಳಿದರು. ಗಡ್ಡ ಬೆಳೆದಿತ್ತು, ಕೋಟು ಜೋತಾಡುತ್ತಿತ್ತು. ಹನ್ನಮ್ಮ ಓಣಿಯ ತುದಿಯಿಂದ ಅವರ ತೋಳು ಹಿಡಿದುಕೊಂಡು ಬಂದರು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಅಜ್ಜಿಯೂ ನೋಡಿದಳು. ನೋಡಿ, ಒಳಗೆ ಬಂದು, ಅಡುಗೆಮನೆಯ ಕತ್ತಲಲ್ಲಿ ಸ್ವಲ್ಪ ಹೊತ್ತು ಒಬ್ಬಳೇ ಕೂತಿದ್ದಳು.

ಅವತ್ತು ಊಟಕ್ಕೆ ಕೂತಾಗ ಅವಳು ನಮ್ಮನ್ನು ಎಣಿಸಿದಳು. ಅಪ್ಪ, ಅಮ್ಮ, ನಾನು, ತಮ್ಮ, ತಾನು. ಐದು. ಎದ್ದು ಮಗ್ಗದ ಅಂಕಣಕ್ಕೆ ಹೋಗಿ ಅಲ್ಲಿ ಕೆಲಸ ಮಾಡುತ್ತಿದ್ದ ಮುನಿಯಪ್ಪನನ್ನು ಕರೆತಂದು ತನ್ನ ಪಕ್ಕ ಎಲೆ ಹಾಕಿ ಕೂರಿಸಿದಳು. ಅಪ್ಪ ಅವಳ ಮುಖ ನೋಡಿ, ಸರಿದು ಜಾಗ ಮಾಡಿಕೊಟ್ಟರು. ಮರುದಿನ ಮತ್ಯಾರೋ. ಬಳೆಗಾರ, ನೆಂಟರು, ನೂಲು ಕೇಳಲು ಬಂದವರು, ಯಾರು ಸಿಕ್ಕರೆ ಅವರು. ಯುದ್ಧ ಮುಗಿಯಿತು, ಸಾಹೇಬರ ಸಂಸಾರ ಹಡಗು ಹತ್ತಿ ಹೋಯಿತು, ಸಿಂಗಾಪುರದಿಂದ ಒಬ್ಬಿಬ್ಬರು ತಿರುಗಿ ಬಂದರು. ಚಿಕ್ಕಪ್ಪ ಬರಲಿಲ್ಲ. ಎಡೆಯನ್ನೂ ಅವಳು ಇಡಲಿಲ್ಲ. ಯಾರೂ ಸಿಗದ ದಿನ ‘ನಂಗೆ ಹಸಿವಿಲ್ಲ, ನೀವ್ ಉಣ್ಣಿ’ ಎಂದು ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದಳು. ಅವಳಿಗೆ ಹಸಿವಿದೆಯೆಂದು ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನಾವು ನಾಲ್ವರು ತಲೆ ತಗ್ಗಿಸಿ ಉಣ್ಣುತ್ತಿದ್ದೆವು.